ಮೆಟ್ಟಿಲಿಳಿದ ಮೇಲಿನ ದಾರಿ

ಮಾರ್ಗಶಿರದ ಸಂಜೆಗೆ ಆಯುಷ್ಯ ಕಡಮೆ. ಹಿಂದಿನ ವರ್ಷ ಆ ಮಾಸದ ಒಂದು ದಿನ ಬೆಂಗಳೂರು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವುತ್ತ ಕುಳಿತವನು ಹೊರಕ್ಕೆ ಬರುವಷ್ಟರಲ್ಲಿ ಜ್ಞಾನಭಾರತಿಯ ಮರಗಳೆಲ್ಲ ಒಂದೇ ಕಪ್ಪಿನಲ್ಲಿ ಬೆರೆತುಹೋಗಿದ್ದುವು. ಬಸ್ಸಿಗೆ ಕಾಯದೆ, ಮೈಸೂರು ರಸ್ತೆಯ ಮೆಟ್ರೊ ನಿಲ್ದಾಣದವರೆಗೆ ನಡೆದೇ ಹೋಗೋಣವೆಂದು ಹೊರಟೆ. ತಂಪು ಗಾಳಿ, ಒಣಗಿದ ಎಲೆಯ ವಾಸನೆ, ಓದಿ ಬಂದ ತೃಪ್ತಿ. ನಡಿಗೆಗೆ ಇನ್ನೇನು ಬೇಕು?

ನನಗಿಂತ ಇಪ್ಪತ್ತು ಮಾರು ಮುಂದೆ ಒಬ್ಬ ಹುಡುಗಿ ನಡೆಯುತ್ತಿದ್ದಳು. ಬೆನ್ನಿಗೆ ಪುಸ್ತಕದ ಚೀಲ. ಒಮ್ಮೆ ಕತ್ತನ್ನು ಕೊಂಚವೇ ತಿರುಗಿಸಿದಳು. ಆಮೇಲೆ ಅವಳ ನಡಿಗೆ ಬಿರುಸಾಯಿತು. ರೈಲಿನ ಹೊತ್ತಾಗಿರಬೇಕು ಎಂದುಕೊಂಡು ನಾನೂ ಹೆಜ್ಜೆಯನ್ನು ಚುರುಕುಮಾಡಿದೆ. ಅವಳು ಈಗ ಹೆಚ್ಚುಕಡಮೆ ಓಡುತ್ತಿದ್ದಳು. ಅವಳು ಓಡುತ್ತಿದ್ದುದು ರೈಲಿನ ಕಡೆಗಲ್ಲ, ನನ್ನಿಂದ ದೂರಕ್ಕೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲು ಅರ್ಧ ನಿಮಿಷವಾದರೂ ಹಿಡಿದಿರಬೇಕು. ಏನು ಮಾಡುವುದು? ಕೂಗಿ ‘ಹೆದರಬೇಡಮ್ಮ’ ಎಂದರೆ ಅದಕ್ಕಿಂತ ಹೆದರಿಸುವ ಮಾತು ಮತ್ತೊಂದಿಲ್ಲ. ರಸ್ತೆಯ ಆಚೆ ಬದಿಗೆ ದಾಟಿದರೆ ಅಡ್ಡಗಟ್ಟಲು ಬಂದಂತೆ ಕಂಡೀತು. ಕಡೆಗೆ ಒಂದು ದೀಪದ ಕಂಬದ ಬುಡದಲ್ಲಿ ನಿಂತು, ಚೀಲದಲ್ಲಿ ಏನನ್ನೋ ಹುಡುಕುವವನಂತೆ ನಟಿಸಿದೆ. ಅವಳು ಕಣ್ಮರೆಯಾದ ಮೇಲೂ ಬಹಳ ಹೊತ್ತು ನಿಂತಿದ್ದೆ.

ನಿಲ್ದಾಣದಲ್ಲಿ ತಪಾಸಣೆಯ ಬಾಗಿಲ ಬಳಿ, ಕಾವಲಿನ ಹೆಂಗಸಿನ ಪಕ್ಕದಲ್ಲಿ ಅವಳು ನಿಂತಿದ್ದಳು. ಬೆಳಕಿನಲ್ಲಿ ನನ್ನನ್ನು ನೋಡಿದಳು: ಕನ್ನಡಕ, ನರೆತ ಗಡ್ಡ, ಬಟ್ಟೆಯ ಚೀಲ. ಅವಳ ಮುಖದಲ್ಲಿ ನಗು ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ಜ್ಞಾನಭಾರತಿ ನಿಲ್ದಾಣ ತೆರೆದದ್ದು 2021ರ ಆಗಸ್ಟ್ ತಿಂಗಳ ಕೊನೆಯಲ್ಲಿ, ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಕೆಂಗೇರಿಗೆ ಚಾಚಿಕೊಂಡಾಗ. 2023ರ ಅಕ್ಟೋಬರಿನಿಂದ ಅದೇ ಹಳಿ ಒಂದು ಕಡೆ ಚಲ್ಲಘಟ್ಟಕ್ಕೂ ಇನ್ನೊಂದು ಕಡೆ ವೈಟ್‌ಫೀಲ್ಡಿಗೂ ಮುಟ್ಟಿದೆ. 1964ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಸೆಂಟ್ರಲ್ ಕಾಲೇಜಿನ ಇಕ್ಕಟ್ಟನ್ನು ಬಿಟ್ಟು ಸಾವಿರ ಎಕರೆಗೆ ಮೀರಿದ ಈ ಬಯಲಿಗೆ ಬಂದಾಗ, ಇದು ಊರಾಚೆಯ ಕಾಡೆಂದು ಜನ ಗೊಣಗಿದ್ದರಂತೆ. ಇಂದು ಊರೇ ಅದನ್ನು ಸುತ್ತುಗಟ್ಟಿದೆ. ಹಳೆಯ ಸೆಂಟ್ರಲ್ ಕಾಲೇಜಿಗೂ ಒಂದು ಮೆಟ್ರೊ ನಿಲ್ದಾಣವಿದೆ, ಅದೇ ನೇರಳೆ ಮಾರ್ಗದಲ್ಲಿ. ಆದರೆ ಅಲ್ಲಿ ಮೆಟ್ಟಿಲು ಹತ್ತಿ ಬಂದರೆ ಊರಿನ ನಡುಮಧ್ಯೆ ನಿಂತಿರುತ್ತೀರಿ. ಇಲ್ಲಿ ಮೆಟ್ಟಿಲಿಳಿದರೆ ಒಂದು ಕಡೆ ಲಾರಿಗಳ ಆರ್ಭಟ, ವೃಷಭಾವತಿಯ ದುರ್ಗಂಧ, ಇನ್ನೊಂದು ಕಡೆ ಮರಗಳ ಮೌನ. ಒಳಗೆ ಕ್ಯಾಮೆರಾಗಳಿವೆ, ಕಾವಲಿದೆ, ಮೊದಲ ಬೋಗಿ ಹೆಂಗಸರಿಗೆ ಮೀಸಲು. ಹೊರಗೆ ಬಂದ ಕೂಡಲೇ ಈ ರಕ್ಷಣೆಯೆಲ್ಲ ಮೆಟ್ಟಿಲ ಮೇಲೆಯೇ ಉಳಿದುಬಿಡುತ್ತದೆ. ಒಳಗಾದರೂ ಪೂರ್ತಿ ನಿಶ್ಚಿಂತೆಯೇನಿಲ್ಲ: ಮೆಟ್ರೊದಲ್ಲಿ ಪಯಣಿಸುವ ಹೆಂಗಸರ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದವನೊಬ್ಬನನ್ನು ಪೊಲೀಸರು ಹಿಡಿದದ್ದು 2025ರ ಮೇ ತಿಂಗಳಲ್ಲಿ.

ಆ ಸಂಜೆಯ ನಂತರ ತರಗತಿಯಲ್ಲಿ ಒಂದು ಸಣ್ಣ ಪ್ರಬಂಧ ಬರೆಯಿಸಿದೆ. ವಿಷಯ: ‘ನಿಲ್ದಾಣದಿಂದ ಮನೆಗೆ’. ಹುಡುಗರು ನೂಕುನುಗ್ಗಲಿನ ಬಗ್ಗೆ, 2025ರಲ್ಲಿ ಏರಿದ ಟಿಕೆಟ್ ದರದ ಬಗ್ಗೆ, ದಾರಿಯ ಬೋಂಡಾ ಅಂಗಡಿಯ ಬಗ್ಗೆ ಸೊಗಸಾಗಿ ಬರೆದರು. ಹುಡುಗಿಯರು ಬರೆದದ್ದು ಪ್ರಬಂಧವಲ್ಲ, ಭೂಪಟ. ಯಾವ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಯಾವ ಮನೆಯ ಜಗಲಿಯಲ್ಲಿ ಅಜ್ಜಿ ಕುಳಿತಿರುತ್ತಾಳೆ, ಎಲ್ಲಿಂದ ಎಲ್ಲಿಯವರೆಗೆ ದೂರವಾಣಿಯಲ್ಲಿ ಯಾರೊಡನೆಯೋ ಮಾತನಾಡುವಂತೆ ನಟಿಸಬೇಕು. ಭಾಷೆಯಲ್ಲಿ ದಿನವೂ ತಪ್ಪು ಮಾಡುವ ಹುಡುಗಿಯೊಬ್ಬಳು ಈ ಲೆಕ್ಕದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎಂಬ ಗಾದೆಯನ್ನು ನಾವು ಅವಿವೇಕಿಗಳನ್ನು ಹಳಿಯಲು ಬಳಸುತ್ತೇವೆ. ಈ ಮಕ್ಕಳು ಹಗಲಲ್ಲೇ ಬಾವಿಗಳನ್ನೆಲ್ಲ ಎಣಿಸಿಟ್ಟುಕೊಂಡವರು.

ಕನ್ನಡದ ಮೇಷ್ಟರಾದ್ದರಿಂದ ಶಬ್ದದ ಕಡೆಗೆ ಮನಸ್ಸು ಹರಿಯುವುದು ಸಹಜ, ಓದುಗರು ಕ್ಷಮಿಸಬೇಕು. ಹೆದರಿಕೆ, ಅಂಜಿಕೆ, ಅಳುಕು, ದಿಗಿಲು ಎಲ್ಲವೂ ನಿಘಂಟಿನಲ್ಲಿ ಅಕ್ಕಪಕ್ಕದ ಮನೆಯವು. ಆದರೆ ದಿಗಿಲು ಎದುರಿಗೆ ಏನೋ ಕಂಡಾಗ ಬಡಿಯುತ್ತದೆ. ಅಳುಕು ಏನೂ ಕಾಣದಿದ್ದಾಗಲೂ ಒಳಗೆ ಕುಳಿತಿರುತ್ತದೆ. ಪೊಲೀಸರ ಪುಸ್ತಕದಲ್ಲಿ ಮೊದಲನೆಯದಕ್ಕೆ ಒಂದು ಸಾಲು ಉಂಟು. ಎರಡನೆಯದಕ್ಕೆ ಇಲ್ಲ. ‘ಅಲ್ಲಿ ಏನೂ ನಡೆದೇ ಇಲ್ಲವಲ್ಲ’ ಎಂದು ನಾವು ಸಮಾಧಾನ ಹೇಳುವಾಗ ಅಳುಕಿಗೆ ದಿಗಿಲಿನ ಲೆಕ್ಕ ಒಪ್ಪಿಸುತ್ತಿರುತ್ತೇವೆ.

ಏನೂ ನಡೆದಿಲ್ಲವೆಂಬುದೂ ನಿಜವಲ್ಲ. 2012ರ ಅಕ್ಟೋಬರಿನಲ್ಲಿ ಪಕ್ಕದ ಕಾನೂನು ವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಈ ಆವರಣದ ಮರಗಳ ನಡುವೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅಪರಾಧಿಗಳಿಗೆ ಮರುವರ್ಷ ಶಿಕ್ಷೆಯಾಯಿತು. ಇಂದು ಎಂ.ಎ. ಓದುವ ಹುಡುಗಿಯರು ಆಗ ಪ್ರಾಥಮಿಕ ಶಾಲೆಯಲ್ಲಿದ್ದವರು. ಆದರೂ ಆ ಸುದ್ದಿ ಒಂದು ತಂಡದಿಂದ ಮುಂದಿನ ತಂಡಕ್ಕೆ, ಹಾಸ್ಟೆಲಿನ ಕೋಣೆಯಿಂದ ಕೋಣೆಗೆ, ತಾರೀಖಿಲ್ಲದೆ ಸಾಗಿಬಂದಿದೆ. ಮುಂದೆ 2022ರ ಅಕ್ಟೋಬರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಆವರಣದೊಳಗೇ ಬಸ್ಸಿನ ಚಕ್ರಕ್ಕೆ ಸಿಕ್ಕಿ, ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ತೀರಿಕೊಂಡಳು. ಹೊರಗಿನ ವಾಹನಗಳು ಆವರಣವನ್ನು ಹಾದಿಯಾಗಿ ಬಳಸುವುದು ನಿಲ್ಲಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ನ್ಯಾಯವಾದ ಬೇಡಿಕೆ.

ಇಲ್ಲೊಂದು ತೊಡಕಿದೆ. ವಾಹನ ನಿಲ್ಲಿಸಿರೆಂದು ಕೂಗಿದವರಲ್ಲಿ ಒಬ್ಬಳನ್ನು ಬಲ್ಲೆ. ಅವಳೇ ಒಮ್ಮೆ ಹೇಳಿದಳು: ‘ಸಾರ್, ಹಗಲು ನಮಗೆ ಈ ಬೈಕು ಕಾರುಗಳ ಭಯ. ಏಳು ಗಂಟೆಯ ಮೇಲೆ ಅವುಗಳ ದೀಪ ಒಂದಾದರೂ ಬರಲಿ ಎಂದು ಕಾಯುತ್ತೇವೆ.’ ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಬೀದಿಯಲ್ಲಿರುವವರ ಕಣ್ಣು ಎಂದು ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ 1961ರಷ್ಟು ಹಿಂದೆಯೇ ವಾದಿಸಿದ್ದಳು. ಅವಳ ಕಣ್ಣ ಮುಂದಿದ್ದುದು ಅಂಗಡಿ ಮುಂಗಟ್ಟುಗಳ ನ್ಯೂಯಾರ್ಕು. ಸಾವಿರ ಎಕರೆಯ ಮರಗಳಿಗೆ ಕಣ್ಣು ಎಲ್ಲಿಂದ ತರುವುದು? ಬರಿಯ ದೀಪದಿಂದ ಆಗದು. ಪ್ರಖರವಾದ ದೀಪ ತನ್ನ ವೃತ್ತದಾಚೆಯ ಕತ್ತಲನ್ನು ಇನ್ನಷ್ಟು ಗಾಢಮಾಡುತ್ತದೆ. ಅದರಡಿ ನಡೆಯುವವಳು ಎಲ್ಲರಿಗೂ ಕಾಣುತ್ತಾಳೆ, ಅವಳಿಗೆ ಯಾರೂ ಕಾಣುವುದಿಲ್ಲ. ಕೊಂಬೆ ಬೆಳೆದು ದೀಪವನ್ನು ಮುಚ್ಚಿದಲ್ಲಿ ಆ ವೃತ್ತವೂ ಇಲ್ಲ. ನಮ್ಮ ದೇಶದಲ್ಲೇ 2013ರಲ್ಲಿ ಆರಂಭವಾದ ಸೇಫ್ಟಿಪಿನ್ ಎಂಬ ಮೊಬೈಲ್ ಸಾಧನ ಒಂದು ಜಾಗವನ್ನು ಒಂಬತ್ತು ಅಂಶಗಳಿಂದ ಅಳೆಯುತ್ತದೆ. ಬೆಳಕು ಅದರಲ್ಲಿ ಒಂದು ಮಾತ್ರ. ಜನರಿದ್ದಾರೆಯೇ, ಅವರಲ್ಲಿ ಹೆಂಗಸರಿದ್ದಾರೆಯೇ, ನಡೆಯಲು ಹಾದಿಯಿದೆಯೇ ಎಂಬುದೂ ಲೆಕ್ಕಕ್ಕುಂಟು. ಅಲ್ಲಿ ನಿಂತಾಗ ಮನಸ್ಸಿಗೆ ಏನೆನ್ನಿಸಿತು ಎಂಬುದಕ್ಕೂ ಒಂದು ಅಂಕ. ಮನಸ್ಸಿಗೆ ಅನ್ನಿಸಿದ್ದಕ್ಕೆ ಅಂಕ ಕೊಡುವ ಪರೀಕ್ಷಕರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾವು ಮೇಷ್ಟರುಗಳು ಈ ವಿಷಯದಲ್ಲಿ ಮಾಡುವುದೇನು? ಬೆಳಗ್ಗೆ ಅಕ್ಕಮಹಾದೇವಿಯ ಪಾಠ. ಉಡುತಡಿಯ ಅರಮನೆಯನ್ನು ತೊರೆದು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಒಂಟಿಯಾಗಿ ನಡೆದವಳೆಂದು ಕಂಠ ತುಂಬಿ ವರ್ಣಿಸುತ್ತೇವೆ. ಸಂಜೆ ನಾಲ್ಕಕ್ಕೆ ಅದೇ ಹುಡುಗಿಯರಿಗೆ, ‘ಹೊತ್ತಾಯಿತು, ಬೇಗ ಮನೆ ಸೇರಿಕೊಳ್ಳಿರಮ್ಮ’ ಎನ್ನುತ್ತೇವೆ. ಜ್ಞಾನಭಾರತಿಯ ಪಕ್ಕದ ಕಲಾಗ್ರಾಮದಲ್ಲಿ ಸಂಜೆ ಒಳ್ಳೆಯ ನಾಟಕಗಳಾಗುತ್ತವೆ. ಹುಡುಗರು ನೋಡಿ ಬಂದು ಮರುದಿನ ಚರ್ಚಿಸುತ್ತಾರೆ. ಹುಡುಗಿಯರು ಆ ಚರ್ಚೆಯನ್ನು ಕೇಳುತ್ತಾರೆ.

ನನ್ನ ತಪ್ಪೊಂದನ್ನೂ ಹೇಳಬೇಕು. ಅದಕ್ಕೂ ಹಿಂದಿನ ಬೇಸಗೆಯಲ್ಲಿ, ನನ್ನಲ್ಲಿ ಬಿ.ಎ. ಮುಗಿಸಿ ಜ್ಞಾನಭಾರತಿಯಲ್ಲಿ ಎಂ.ಎ.ಗೆ ಸೇರಲಿದ್ದ ಹುಡುಗಿಯೊಬ್ಬಳ ತಂದೆ ಕಾಲೇಜಿಗೆ ಬಂದಿದ್ದರು. ಹೂವಿನ ವ್ಯಾಪಾರಿ. ಪಠ್ಯಕ್ರಮ, ಕೆಲಸದ ಸಾಧ್ಯತೆ ಎಂದೆಲ್ಲ ವಿವರಿಸಲು ನಾನು ಸಿದ್ಧನಾಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮೇಷ್ಟ್ರೇ, ಸ್ಟೇಷನ್ನಿನಿಂದ ಆ ದಾರಿ ಹೇಗೆ?’ ನಾನು ಒಂದು ಕ್ಷಣವೂ ಯೋಚಿಸದೆ, ‘ಏನೂ ಭಯವಿಲ್ಲ, ನಾನೇ ಎಷ್ಟೋ ಸಲ ನಡೆದಿದ್ದೇನೆ’ ಎಂದುಬಿಟ್ಟೆ. ನನ್ನ ಮಾತನ್ನು ನಂಬಿ ಸೇರಿಸಿದರು. ಡಿಸೆಂಬರಿನ ಆ ಸಂಜೆಯ ನಂತರ ಅವಳನ್ನು ವಿಚಾರಿಸಿದೆ. ಕೊನೆಯ ಪಾಠ ಮುಗಿದ ಕೂಡಲೇ ಹೊರಡುತ್ತಾಳಂತೆ; ನಾಲ್ಕರ ಮೇಲೆ ಗ್ರಂಥಾಲಯದ ಬಾಗಿಲನ್ನೇ ಕಂಡಿಲ್ಲವಂತೆ. ಹಳಗನ್ನಡದಲ್ಲಿ ಅವಳಷ್ಟು ಆಸಕ್ತಿಯಿದ್ದ ವಿದ್ಯಾರ್ಥಿ ನನಗೆ ಹತ್ತು ವರ್ಷಗಳಲ್ಲಿ ಸಿಕ್ಕಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳು, ಅವಳ ತಂದೆ, ನಾನು, ಮೂವರೂ ಏಳು ಗಂಟೆಗೆ ಗ್ರಂಥಾಲಯದಿಂದ ನಿಲ್ದಾಣಕ್ಕೆ ನಡೆದೆವು. ಅವಳು ಗೈಡಿನ ಹಾಗೆ ತೋರಿಸುತ್ತ ಬಂದಳು: ಇಲ್ಲಿಯವರೆಗೆ ಜನವಿರುತ್ತಾರೆ, ಇಲ್ಲಿಂದ ಕಿವಿಯ ತಂತಿ ತೆಗೆದುಬಿಡುತ್ತೇನೆ, ಈ ತಿರುವಿನಲ್ಲಿ ಅಮ್ಮನಿಗೆ ಫೋನು ಮಾಡುತ್ತೇನೆ. ತಂದೆ ಬಹಳ ಹೊತ್ತು ಮಾತನಾಡಲಿಲ್ಲ.

‘ನಿನಗೇನಾದರೂ ಆಗಿದೆಯೇನಮ್ಮ ಇಲ್ಲಿ?’ ಎಂದರು ಕಡೆಗೆ.

‘ಇಲ್ಲಪ್ಪ, ಏನೂ ಆಗಿಲ್ಲ.’

‘ಮತ್ತೆ?’

ಅವಳು ಉತ್ತರ ಕೊಡುವ ಮೊದಲೇ ಹಿಂದಿನಿಂದ ಒಂದು ಬೈಕು ಬಂತು. ನಮ್ಮ ಹತ್ತಿರ ವೇಗ ತಗ್ಗಿಸಿತು. ಮೂವರೂ ಒಟ್ಟಿಗೆ ತಿರುಗಿ ನೋಡಿದೆವು. ರಸ್ತೆಯ ಉಬ್ಬನ್ನು ದಾಟಿ ಅದು ತನ್ನ ಪಾಡಿಗೆ ಹೋಯಿತು. ತಂದೆ ಏನೂ ಹೇಳದೆ ಮಗಳ ಎಡಗಡೆಯಿಂದ ಬಲಗಡೆಗೆ, ರಸ್ತೆಯ ಬದಿಗೆ ಬಂದು ನಡೆಯತೊಡಗಿದರು.

ನಿಲ್ದಾಣದ ಮೆಟ್ಟಿಲ ಬಳಿ ಅವಳು, ಮುಂದಿನ ವಾರದಿಂದ ಗುರುವಾರಗಳಂದು ಆರೂವರೆಯವರೆಗೆ ಓದುತ್ತೇನೆ ಎಂದಳು. ಅದೇ ರೈಲಿಗೆ ಬರುವ ಇಬ್ಬರು ಗೆಳತಿಯರು ಸಿಕ್ಕಿದ್ದಾರಂತೆ.