ಸೊರಗಿದ ಮನೆಗಿಡಗಳ ಆರೈಕೆ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಂಗಳದ ಕಟ್ಟೆಯಲ್ಲಿ ತುಳಸಿ, ಹಿತ್ತಲಲ್ಲಿ ಕರಿಬೇವು, ಗೋಡೆಯ ಪಕ್ಕದಲ್ಲಿ ಮಲ್ಲಿಗೆ ಇಲ್ಲವೆ ದಾಸವಾಳ, ಬಚ್ಚಲು ನೀರು ಹರಿಯುವ ಕಡೆ ನಾಲ್ಕು ಬಾಳೆ ಇಲ್ಲದ ಮನೆ ಅಪರೂಪ. ಈಚೆಗೆ ಜಗಲಿ ಮತ್ತು ತಾರಸಿಯ ಕುಂಡಗಳಲ್ಲಿ ಕ್ರೋಟನ್, ಮನಿ ಪ್ಲಾಂಟ್ ಮೊದಲಾದ ಅಲಂಕಾರದ ಗಿಡಗಳೂ ಸೇರಿಕೊಂಡಿವೆ. ಇವು ಬಾಡಿದೊಡನೆ ಒಂದು ಕೊಡ ನೀರು ಸುರಿಯುವುದು, ಒಂದು ಹಿಡಿ ಯೂರಿಯಾ ಹಾಕುವುದು ವಾಡಿಕೆ. ಸೊರಗಿದ ಗಿಡಗಳಲ್ಲಿ ಅನೇಕವು ಈ ಉಪಚಾರದಿಂದಲೇ ಸಾಯುತ್ತವೆ. ಗಿಡಕ್ಕೆ ಏನನ್ನಾದರೂ ಹಾಕುವ ಮೊದಲು ಅದರ ಬೇರನ್ನು ನೋಡಬೇಕು. ಉಳಿಸಬಹುದಾದ ಗಿಡ ಯಾವುದು, ಉಳಿಸಲು ಹೋಗಬಾರದ ಗಿಡ ಯಾವುದು ಎಂಬುದನ್ನು ಅನಂತರ ತೀರ್ಮಾನಿಸಬೇಕು.

ಬೇರಿನ ಪರೀಕ್ಷೆ

ಮೊದಲು ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಬೇಕು. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ತುದಿಯಲ್ಲಿ ಒಣಗಿದ್ದರೂ ಬುಡದ ಕಡೆ ಹಸಿರಿದ್ದರೆ ಆಸೆ ಬಿಡಬೇಕಾಗಿಲ್ಲ.

ಎರಡನೆಯದಾಗಿ, ಬೆರಳನ್ನು ಸುಮಾರು 5 ಸೆಂ.ಮೀ. ಆಳಕ್ಕೆ ಮಣ್ಣಿನಲ್ಲಿ ಇಳಿಸಿ ನೋಡಬೇಕು. ಮಣ್ಣು ಒಣಗಿದ್ದು ಗಿಡ ಬಾಡಿದ್ದರೆ ನೀರಿನ ಕೊರತೆ. ನೀರು ಕೊಟ್ಟ ಕೆಲವು ಗಂಟೆಗಳಲ್ಲಿ ಎಲೆ ನಿಲ್ಲುತ್ತದೆ. ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿದೆ ಎಂದು ತಿಳಿಯಬೇಕು. ಬೇರಿಗೂ ಗಾಳಿ ಬೇಕು. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದಾಗ ಗಾಳಿ ದೊರೆಯದೆ ಬೇರು ಸಾಯುತ್ತದೆ. ಸತ್ತ ಬೇರು ನೀರು ಹೀರಲಾರದು. ಆದುದರಿಂದ ನೀರಿನ ನಡುವೆಯೇ ಗಿಡ ಬಾಡುತ್ತದೆ. ಇಂಥ ಗಿಡಕ್ಕೆ ಮತ್ತೆ ನೀರು ಹಾಕುವುದು ಅಪಾಯಕರ.

ಕಬಿನಿ ನಾಲೆಯ ಅಚ್ಚುಕಟ್ಟಿನ ಊರುಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಗದ್ದೆಗಳಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ತಗ್ಗಿನ ಹಿತ್ತಲುಗಳ ಮಣ್ಣು ಒಳಗಿನಿಂದಲೇ ತೇವವಾಗಿರುತ್ತದೆ. ಎರೆಮಣ್ಣು ಕೆಮ್ಮಣ್ಣಿಗಿಂತ ನಿಧಾನವಾಗಿ ಒಣಗುತ್ತದೆ. ದಿನಕ್ಕೊಂದು ಚೊಂಬು ನೀರೆಂಬ ಲೆಕ್ಕವನ್ನು ಬಿಟ್ಟು ಬೆರಳಿನ ಪರೀಕ್ಷೆಯಂತೆ ನೀರು ಕೊಡುವುದು ಲೇಸು.

ಕುಂಡದ ಮಣ್ಣು ಬದಲಾಯಿಸುವ ಕ್ರಮ

ಹಳೆಯ ಬಕೆಟ್, ಎಣ್ಣೆ ಡಬ್ಬ, ಸಿಮೆಂಟಿನ ತುಳಸಿಕಟ್ಟೆ ಇವುಗಳಲ್ಲಿ ನೀರು ಬಸಿಯುವ ತೂತು ಇಲ್ಲದಿರುವುದೇ ಮೂಲ ದೋಷ. ತೂತು ಮಾಡಿ, ಅದರ ಮೇಲೆ ಹೆಂಚಿನ ಚೂರೊಂದನ್ನು ಬೋರಲಾಗಿ ಇಡಬೇಕು. ತಳದಲ್ಲಿ ದಪ್ಪನಾಗಿ ಜಲ್ಲಿ ಹರಡುವುದರಿಂದ ಬಸಿಯುವಿಕೆ ಹೆಚ್ಚುವುದಿಲ್ಲ. ಬೇರಿಗೆ ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತದೆ.

ಗಿಡವನ್ನು ಹೆಂಟೆಸಹಿತ ಹೊರತೆಗೆದು ಬೇರನ್ನು ಪರೀಕ್ಷಿಸಬೇಕು. ಬಿಳಿಯ, ಗಟ್ಟಿಯಾದ ಬೇರು ಆರೋಗ್ಯದ ಗುರುತು. ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ವಾಸನೆ ಬರುವ ಬೇರುಗಳನ್ನು ಚೊಕ್ಕಟವಾದ ಕತ್ತರಿಯಿಂದ ತೆಗೆಯಬೇಕು. ಬೇರುಗಳು ಕುಂಡದ ಆಕಾರಕ್ಕೆ ಸುತ್ತಿಕೊಂಡಿದ್ದರೆ ಹೊರಸುತ್ತಿನ ಕಾಲು ಭಾಗವನ್ನು ಕತ್ತರಿಸಿ, ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಾಯಿಸಬೇಕು.

ಕೆಮ್ಮಣ್ಣು 2 ಪಾಲು, ಮರಳು 1 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 1 ಪಾಲು ಬೆರೆಸಿದ ಮಿಶ್ರಣ ಹೆಚ್ಚಿನ ಗಿಡಗಳಿಗೆ ಹೊಂದುತ್ತದೆ. ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಬಹುದು. ಹಸಿ ಸಗಣಿಯನ್ನು ಬೆರೆಸಬಾರದು. ಬೇರು ಕಳೆದುಕೊಂಡ ಗಿಡ ಮೊದಲಿನಷ್ಟು ಎಲೆಗಳನ್ನು ಸಾಕಲಾರದು. ಆದುದರಿಂದ ಮೇಲಿನ ರೆಂಬೆಗಳಲ್ಲಿ ಮೂರರಲ್ಲಿ ಒಂದು ಪಾಲನ್ನು ಸವರಿ, 10ರಿಂದ 15 ದಿನ ನೆರಳಿನಲ್ಲಿಡಬೇಕು. ಹೊಸ ಚಿಗುರು ಕಾಣುವವರೆಗೆ ರಾಸಾಯನಿಕ ಗೊಬ್ಬರ ಕೂಡದು. ಈ ಕೆಲಸಕ್ಕೆ ಮುಂಗಾರಿನ ಮೋಡದ ದಿನಗಳು ಒಳ್ಳೆಯವು. ಮಾರ್ಚ್‌-ಏಪ್ರಿಲ್ ಬಿಸಿಲಿನಲ್ಲಿ ಮಾಡಬಾರದು.

ಎಲೆಯ ಬಣ್ಣ ತಿಳಿಸುವುದೇನು?

ಹಳೆಯ ಎಲೆಗಳು ಮೊದಲು ಒಂದೇ ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆಯಿರಬಹುದು. ಕಳಿತ ಗೊಬ್ಬರ ಇಲ್ಲವೆ ನೆನೆಸಿ ತಿಳಿಯಾಗಿಸಿದ ಕಡಲೆಕಾಯಿ ಹಿಂಡಿಯ ನೀರು ಕೊಟ್ಟರೆ ಸರಿಹೋಗುತ್ತದೆ.

ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ, ಗಡಸು ಬೋರ್‌ವೆಲ್ ನೀರು ಉಣಿಸುವ ಕಡೆ ಕರಿಬೇವು, ದಾಸವಾಳಗಳಲ್ಲಿ ಇದು ಕಾಣುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿ ಎಂದು ಕರೆಯುವ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಇವನ್ನು 1 ಲೀಟರ್ ನೀರಿನಲ್ಲಿ ಕರಗಿಸಿ ಸಂಜೆ ಎಲೆಗಳ ಮೇಲೆ ಸಿಂಪಡಿಸಬೇಕು. 10-15 ದಿನಗಳ ಅನಂತರ ಮತ್ತೊಮ್ಮೆ ಸಿಂಪಡಿಸಬಹುದು. ಅಡುಗೆಗೆ ಬಳಸುವ ಕರಿಬೇವಾದರೆ ಬೇಕಾದ ಎಲೆಗಳನ್ನು ಮೊದಲೇ ಕೊಯ್ದುಕೊಂಡು ಸಿಂಪಡಿಸಬೇಕು.

ಎಲೆಯ ತುದಿ ಮತ್ತು ಅಂಚು ಸುಟ್ಟಂತಾಗಿ, ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಂಡರೆ ಮಣ್ಣಿನಲ್ಲಿ ಲವಣ ಸೇರಿದೆ. ಕುಂಡದ ಎರಡು ಪಟ್ಟು ಅಳತೆಯ ಸಿಹಿನೀರನ್ನು ನಿಧಾನವಾಗಿ ಹಾಯಿಸಿ ತಳದಿಂದ ಬಸಿದುಹೋಗುವಂತೆ ಮಾಡಬೇಕು. ಮಳೆನೀರು ಇದಕ್ಕೆ ಶ್ರೇಷ್ಠ. ಮನೆಯ ನೀರು ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನು ಕುಂಡಗಳಿಗೆ ಹಾಕದಿರುವುದು ಒಳ್ಳೆಯದು. ಸೋಪಿನ ಬಚ್ಚಲು ನೀರು ಒಂದೇ ಗಿಡದ ಬುಡದಲ್ಲಿ ನಿಲ್ಲುವುದೂ ತರವಲ್ಲ.

ಅಂದ ಹೆಚ್ಚಿಸಲು

ಬೆಳಕು ಸಾಲದ ಗಿಡ ನೀಳವಾಗಿ ಬೆಳೆದು ಒಂದೇ ಕಡೆಗೆ ವಾಲುತ್ತದೆ. ಕ್ರೋಟನ್ ತನ್ನ ಬಣ್ಣ ಕಳೆದುಕೊಳ್ಳುತ್ತದೆ. ಅಂಥವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ದಿನಕ್ಕೆ ಒಂದು ಗಂಟೆಯ ಎಳೆಬಿಸಿಲಿನಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ಕುಂಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿದರೆ ಗಿಡ ನೆಟ್ಟಗೆ ಬೆಳೆಯುತ್ತದೆ. ರಸ್ತೆಯ ಧೂಳು ಕೂತ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.

ತುಳಸಿಯ ಕದಿರುಗಳನ್ನು ಬೀಜ ಕಟ್ಟುವ ಮುನ್ನ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ. ತುಳಸಿ ಕೆಲವೇ ವರ್ಷಗಳಲ್ಲಿ ಮುದಿಯಾಗುವ ಗಿಡ. ಬೀಜದಿಂದಲೋ 10 ಸೆಂ.ಮೀ. ಉದ್ದದ ಕಡ್ಡಿಯಿಂದಲೋ ಇನ್ನೊಂದು ಸಸಿಯನ್ನು ಸದಾ ಸಿದ್ಧವಾಗಿಟ್ಟುಕೊಂಡಿರಬೇಕು. ದೀಪದ ಎಣ್ಣೆ ಬುಡದ ಮಣ್ಣಿಗೆ ಸುರಿಯದಂತೆ ಹಣತೆಯನ್ನು ಕಟ್ಟೆಯ ಗೂಡಿನಲ್ಲಿಡುವುದು ಗಿಡಕ್ಕೆ ಹಿತ. ಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ನೆಲದಿಂದ ಸುಮಾರು 50 ಸೆಂ.ಮೀ. ಎತ್ತರಕ್ಕೆ ಸವರಿ, ಗೊಬ್ಬರ ಮತ್ತು ನೀರು ಕೊಟ್ಟರೆ ಬೇಸಿಗೆಯಲ್ಲಿ ಹೂ ತುಂಬುತ್ತದೆ.

ಕೀಟಗಳು

ದಾಸವಾಳದ ಎಳೆಗಣ್ಣುಗಳಲ್ಲಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆಯನ್ನು ನೀರಿನ ರಭಸಕ್ಕೆ ತೊಳೆದು, 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಇರುವೆಗಳು ಈ ತಿಗಣೆಗಳನ್ನು ಕಾಯುವುದರಿಂದ ಅವುಗಳ ದಾರಿಯನ್ನೂ ತಡೆಯಬೇಕು. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು. ಕೈಯಿಂದ ಆರಿಸಿದರೆ ಸಾಕು. ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ತಿನ್ನುವ ಎಲೆಗೆ ಎಂದಿಗೂ ಹೊಡೆಯಬಾರದು.

ಉಳಿಸಲು ಹೋಗಬಾರದ ಗಿಡ

ಮೇಲಿನ ಕ್ರಮಗಳೆಲ್ಲ ಹಿತ್ತಲಿನ ಒಂದು ಗಿಡಕ್ಕೆ ಅನ್ವಯಿಸುವುದಿಲ್ಲ: ಪನಾಮ ಸೊರಗು ರೋಗ ತಗುಲಿದ ರಸಬಾಳೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ತೋಟಗಳು ಅಪರೂಪವಾಗಲು ಈ ರೋಗ ಮುಖ್ಯ ಕಾರಣ. ಇದು ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಇದೇ ರೋಗದಿಂದ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಧ್ಯ ಅಮೆರಿಕದ ಗ್ರೋಸ್ ಮಿಷೆಲ್ ತಳಿಯ ರಫ್ತು ತೋಟಗಳು ನಾಶವಾದವು.

ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟಿನಲ್ಲಿ ಮುರಿದು ದಿಂಡಿನ ಸುತ್ತ ಜೋತುಬೀಳುವುದು, ದಿಂಡು ಬುಡದಲ್ಲಿ ಉದ್ದಕ್ಕೆ ಸೀಳುವುದು ಇದರ ಲಕ್ಷಣಗಳು. ದಿಂಡನ್ನು ಅಡ್ಡ ಕತ್ತರಿಸಿದರೆ ಒಳಗೆ ಕೆಂಗಂದು ಚುಕ್ಕೆಗಳ ಉಂಗುರ ಕಾಣುತ್ತದೆ. ರೋಗ ಒಳಹೊಕ್ಕ ಮೇಲೆ ಗುಣಪಡಿಸುವ ಔಷಧವಿಲ್ಲ. ನೀರು, ಗೊಬ್ಬರ ಕೊಟ್ಟು ಇಟ್ಟುಕೊಂಡಷ್ಟೂ ಶಿಲೀಂಧ್ರ ಮಣ್ಣಿನಲ್ಲಿ ಹೆಚ್ಚುತ್ತದೆ. ಅದು ಬಾಳೆಯಿಲ್ಲದ ಮಣ್ಣಿನಲ್ಲೂ ದಶಕಗಳ ಕಾಲ ಬದುಕಬಲ್ಲದು.

ಅಂಥ ಗಿಡವನ್ನು ಗೆಡ್ಡೆಸಹಿತ ಅಗೆದು, ಅಲ್ಲಿಯೇ ಒಣಗಿಸಿ ಸುಡಬೇಕು. ಗುಂಡಿಗೆ 1ರಿಂದ 2 ಕಿ.ಗ್ರಾಂ ಸುಣ್ಣ ಹಾಕಬೇಕು. ಅಗೆದದ್ದನ್ನು ತಿಪ್ಪೆಗೆ ಇಲ್ಲವೆ ನಾಲೆಗೆ ಎಸೆಯಬಾರದು. ಹರಿಯುವ ನೀರು ರೋಗವನ್ನು ಕೆಳಗಿನ ತೋಟಗಳಿಗೆ ಒಯ್ಯುತ್ತದೆ. ಗುದ್ದಲಿ, ಮಚ್ಚುಗಳ ಮಣ್ಣು ತೊಳೆದು ಬೆಂಕಿಯಲ್ಲಿ ಕಾಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಬುಡದ ಕಂದನ್ನು ನೆಂಟರಿಗಾಗಲಿ ನೆರೆಯವರಿಗಾಗಲಿ ಕೊಡಬಾರದು. ನೋಡಲು ಚೆನ್ನಾಗಿರುವ ಕಂದಿನಲ್ಲೂ ರೋಗ ಅಡಗಿರಬಹುದು.

ರಸಬಾಳೆಯನ್ನೇ ಬೆಳೆಸಬೇಕೆನ್ನುವವರು ಬಾಳೆ ರೋಗ ಕಾಣದ ಜಾಗದಲ್ಲಿ, ನೀರು ಚೆನ್ನಾಗಿ ಬಸಿಯುವ ಮಣ್ಣಿನಲ್ಲಿ ಅಂಗಾಂಶ ಕೃಷಿಯ ಸಸಿ ನೆಡಬೇಕು. ಸಸಿ ರೋಗಮುಕ್ತವಾಗಿದ್ದರೂ ರೋಗದ ಮಣ್ಣಿನಲ್ಲಿ ನೆಟ್ಟರೆ ಪ್ರಯೋಜನವಿಲ್ಲ. ರೋಗ ಕಂಡ ಜಾಗದಲ್ಲಿ ಪಚ್ಚಬಾಳೆ ತಾಳಿಕೊಳ್ಳುತ್ತದೆ. ಆದರೆ ಪಚ್ಚಬಾಳೆಯನ್ನೂ ಕೆಡಿಸುವ ಈ ಶಿಲೀಂಧ್ರದ ಮತ್ತೊಂದು ಬಗೆ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಂಡುಬಂದಿರುವುದರಿಂದ ದೂರದ ಊರುಗಳಿಂದ ಕಂದು ತರುವುದು ಕ್ಷೇಮವಲ್ಲ.

ಸಂಶಯವಿದ್ದಾಗ ಗಿಡದ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಕಟ್ಟಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೆ ತೋರಿಸಿ ಸಲಹೆ ಪಡೆಯಬೇಕು. ಫಲಿತಾಂಶ ತಿಳಿಯುವ ತನಕ ಆ ಬುಡದ ನೀರು ಬೇರೆ ಪಾತಿಗೆ ಹರಿಯದಂತೆ ಬದು ಹಾಕುವುದು ಅವಶ್ಯ.