ಓಲೆಗರಿಯಿಂದ ಅಚ್ಚಿನ ಹಾಳೆಗೆ

ವಚನವು ಕಿವಿಗಾಗಿ ಹುಟ್ಟಿದ ನುಡಿ. ಅದು ಓಲೆಗರಿಗಿಳಿದು, ಮುಂದೆ ಅಚ್ಚಿನ ಹಾಳೆಗೆ ಬಂದಾಗ ಬದಲಾದುದು ಬರವಣಿಗೆಯ ಸಾಧನ ಮಾತ್ರವೆಂದು ತಿಳಿಯುವುದು ವಾಡಿಕೆ. ಓದುವವರ ಬಗೆಯೂ, ವಚನವನ್ನು ಕುರಿತು ಅವರು ಕೇಳುವ ಪ್ರಶ್ನೆಗಳೂ ಅದರೊಡನೆ ಬದಲಾದುವೆಂಬುದು ಲಕ್ಷ್ಯಕ್ಕೆ ಬರುವುದು ಅಪರೂಪ.

ಓಲೆಯ ಮೇಲೆ ಕಂಟದಿಂದ ಕೊರೆದು ಮಸಿ ತೊಡೆಯುತ್ತಿದ್ದ ಲಿಪಿಕಾರನು ಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲ. ವಚನವನ್ನು ಸಾಲುಸಾಲಾಗಿ ಒಡೆದು ಬರೆಯುತ್ತಲೂ ಇರಲಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ಸಹ ಸಾಮಾನ್ಯವಾಗಿ ಓದುವವನೇ ಅರಿತುಕೊಳ್ಳಬೇಕಾಗಿತ್ತು. ಆದುದರಿಂದ ಬಲ್ಲವನೊಬ್ಬನು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಗ್ರಂಥವೇ ಗೋಷ್ಠಿಯನ್ನು ಬೇಡುತ್ತಿದ್ದಿತು. 15ನೆಯ ಶತಮಾನದ ಸಂಕಲನಕಾರರು ವಚನಗಳನ್ನು ಷಟ್‌ಸ್ಥಲಾನುಕ್ರಮದಲ್ಲಿ ಜೋಡಿಸಿದರು. ಶಿವಗಣಪ್ರಸಾದಿ ಮಹದೇವಯ್ಯನು ಶೂನ್ಯಸಂಪಾದನೆಯಲ್ಲಿ ಅವನ್ನು ಪ್ರಭುದೇವರ ಮತ್ತು ಶರಣರ ಸಂವಾದವಾಗಿ ಹೆಣೆದನು. ಯಾರು ನುಡಿದರೆಂಬುದಕ್ಕಿಂತ ಯಾವ ಸ್ಥಲದ ನುಡಿ, ಯಾವ ಪ್ರಶ್ನೆಗೆ ಉತ್ತರ ಎಂಬುದೇ ಅಲ್ಲಿ ಮುಖ್ಯ.

ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಓಲೆಕಟ್ಟುಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ‘ವಚನಶಾಸ್ತ್ರಸಾರ’ದ ಜೋಡಣೆ ವಿಷಯಾನುಸಾರಿಯಾದುದು, ಹಳೆಯ ಪದ್ಧತಿ ಅಚ್ಚಿನೊಳಗೂ ಕೆಲಕಾಲ ಬಾಳಿತೆನ್ನಬೇಕು. ಬರಬರುತ್ತ ವಚನಕಾರರೊಬ್ಬೊಬ್ಬರ ಪ್ರತ್ಯೇಕ ಸಂಪುಟ, ಕ್ರಮಸಂಖ್ಯೆ, ಅಕಾರಾದಿ ಸೂಚಿಗಳು ರೂಢವಾದುವು. ಅಂಕಿತವು ಇಷ್ಟದೈವದ ಸ್ಮರಣೆಯಾಗಿರುವುದರ ಜೊತೆಗೆ ಕರ್ತೃನಿರ್ಣಯದ ಆಧಾರವೂ ಆಯಿತು. ಪ್ರಕ್ಷಿಪ್ತವಾವುದು, ಮೂಲವಾವುದು ಎಂಬ ಜಿಜ್ಞಾಸೆ ಬೆಳೆಯಿತು. ಮುದ್ರಕನು ಸಾಲುಗಳನ್ನು ಒಡೆದು ನಿಲ್ಲಿಸಿದೊಡನೆ ವಚನವು ಕಣ್ಣಿಗೆ ಕವಿತೆಯಂತೆ ತೋರತೊಡಗಿತು. ಅದು ಗದ್ಯವೋ ಪದ್ಯವೋ ಎಂದು ವಿದ್ಯಾರ್ಥಿಗಳು ನಡೆಸುವ ಚರ್ಚೆಗೆ ಈ ಅಚ್ಚಿನ ವಿನ್ಯಾಸವೂ ಒಂದು ಕಾರಣ. ಓಲೆಯನ್ನೇ ಮುಂದಿಟ್ಟುಕೊಂಡವನಿಗೆ ಆ ಸಂಶಯ ಇಷ್ಟು ಸುಲಭವಾಗಿ ಮೂಡದು.

ಇದರಿಂದಾದ ಲಾಭ ಅಲ್ಪವಲ್ಲ. ಪೂಜೆಯ ಜಗುಲಿಯ ಮೇಲಿದ್ದ ಕಟ್ಟು ಎಲ್ಲರ ಕೈಗೂ ಬಂದಿತು. ಕರ್ನಾಟಕ ಸರ್ಕಾರವು 1993ರಲ್ಲಿ ಪ್ರಕಟಿಸಿದ 15 ಸಂಪುಟಗಳಲ್ಲಿ ಶಿವಶರಣೆಯರಿಗೇ ಒಂದು ಸಂಪುಟ ಮೀಸಲಾಯಿತು. ಇಂದು ಗಣಕಯಂತ್ರದಲ್ಲಿ ‘ಕಾಯಕ’ ಎಂದು ಬೆರಳೊತ್ತಿದರೆ ಆ ಪದವುಳ್ಳ ವಚನಗಳು ಕ್ಷಣಾರ್ಧದಲ್ಲಿ ಸಾಲುಗಟ್ಟುತ್ತವೆ.

ಆದರೆ ಹಾಗೆ ಸಾಲುಗಟ್ಟಿದ ವಚನವು ತನ್ನ ನೆರೆಯನ್ನು ಬಿಟ್ಟು ಬಂದಿರುತ್ತದೆ. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು, ಸೀರೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಮಹಾದೇವಿಯಕ್ಕನನ್ನು ಕೇಳುತ್ತಾರೆ. ಅಕ್ಕನ ವಚನ ಅಲ್ಲಿ ಮರುಮಾತಾಗಿ ಬರುತ್ತದೆ. ಬಿಡಿಯಾಗಿ ಸಂಖ್ಯೆ ಹೊತ್ತು ನಿಂತ ಪುಟದಲ್ಲಿ ಉತ್ತರವಿದೆ, ಪ್ರಭುವಿನ ಪ್ರಶ್ನೆಯಿಲ್ಲ.