ದಾಳಿಗಾರನ ಬೆಲೆ: ಅಂಕಪಟ್ಟಿ ಹೇಳದ ಲೆಕ್ಕ

ಚಿಕ್ಕಬಳ್ಳಾಪುರ: ಕಬಡ್ಡಿ ತಂಡವೊಂದರಲ್ಲಿ ಹನ್ನೆರಡು ಮಂದಿಗೆ ಸ್ಥಾನ. ಅಂಕಣಕ್ಕಿಳಿಯುವವರು ಏಳು ಮಂದಿ. ಅವರಲ್ಲಿ ದಾಳಿಯನ್ನೇ ನೆಚ್ಚಿಕೊಂಡವರು ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪದವಿ ಕಾಲೇಜುಗಳ ತಂಡಗಳಿಗೂ ಈ ಮಾತು ಅನ್ವಯಿಸುತ್ತದೆ. ಆ ಎರಡು ಮೂರು ಸ್ಥಾನಗಳಿಗೆ ಯಾರನ್ನು ಆರಿಸಬೇಕೆಂಬ ಪ್ರಶ್ನೆ ಎದುರಾದಾಗ, ಹೆಚ್ಚು ಅಂಕ ಗಳಿಸಿದವನನ್ನು ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಆಟದ ನಿಯಮಗಳೇ ಈ ಉತ್ತರವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ.

ಇದು ಕೇವಲ ಅಭಿಮಾನಿಗಳ ಚರ್ಚೆಯ ವಿಷಯವಲ್ಲ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳು 2017ರಲ್ಲಿ ರಚನೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಅಂತರ ಕಾಲೇಜು ಟೂರ್ನಿಯಲ್ಲಿ ಗಮನ ಸೆಳೆದವರಿಗೆ ವಿ.ವಿ. ತಂಡ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಅರ್ಹರೆಂದು ಪರಿಗಣಿತರಾದವರಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತಮ್ಮ ವಿ.ವಿ.ಯನ್ನು ಪ್ರತಿನಿಧಿಸಿದವರೂ ಸೇರಿದ್ದಾರೆ. ಆ ಕ್ರೀಡೆಗಳ ಪಟ್ಟಿಯಲ್ಲಿ ಕಬಡ್ಡಿಯೂ ಇದೆ. ಹನ್ನೆರಡನೆಯವನಾಗಿ ಆಯ್ಕೆಯಾಗುವುದಕ್ಕೂ ಹದಿಮೂರನೆಯವನಾಗಿ ಉಳಿದುಬಿಡುವುದಕ್ಕೂ ಇರುವ ಅಂತರ ಒಂದು ನೌಕರಿಯೇ ಆಗಬಹುದು.

ಎಲ್ಲ ಅಂಕಗಳೂ ಒಂದೇ ಅಲ್ಲ

ದಾಳಿಗಾರ ಎದುರಾಳಿಯನ್ನು ಮುಟ್ಟಿ ಮರಳಿದರೆ ಒಂದು ಅಂಕ. ಎದುರಾಳಿ ಪಾಳೆಯದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಬೋನಸ್ ಗೆರೆ ದಾಟಿ ಮರಳಿದರೂ ಒಂದು ಅಂಕ. ಅಂಕಫಲಕದಲ್ಲಿ ಎರಡೂ ಸಮ. ಆದರೆ ಮುಟ್ಟಿ ತಂದ ಅಂಕದಿಂದ ಎದುರಾಳಿಗಳಲ್ಲಿ ಒಬ್ಬ ಹೊರನಡೆಯುತ್ತಾನೆ, ಹೊರಗೆ ಕುಳಿತಿರುವ ತನ್ನ ತಂಡದ ಒಬ್ಬ ಒಳಬರುತ್ತಾನೆ. ಬೋನಸ್ ಅಂಕದಿಂದ ಯಾರೂ ಹೊರಹೋಗುವುದಿಲ್ಲ, ಯಾರಿಗೂ ಮರುಜೀವ ಸಿಗುವುದಿಲ್ಲ. ಎದುರಾಳಿಗಳು ಐವರಿಗೆ ಇಳಿದೊಡನೆ ಬೋನಸ್ ಅವಕಾಶವೇ ಇಲ್ಲವಾಗುತ್ತದೆ. ಎರಡು ಹೆಚ್ಚುವರಿ ಅಂಕ ತರುವ ಲೋನಾ ಸಮೀಪಿಸಿದ ಆ ಹೊತ್ತಿಗೆ ಬೋನಸ್ಸನ್ನೇ ನಂಬಿದ ದಾಳಿಗಾರ ನಿರುಪಯುಕ್ತ.

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಮೊದಲ ದಾಳಿಗಾರ 20 ದಾಳಿಗಳಲ್ಲಿ ಐದು ಬೋನಸ್ ಹಾಗೂ ನಾಲ್ಕು ಸ್ಪರ್ಶದಿಂದ 9 ಅಂಕ ತಂದು, ಏಳು ಬಾರಿ ಸಿಕ್ಕಿಬಿದ್ದಿದ್ದಾನೆ. ಎರಡನೆಯವನು 14 ದಾಳಿಗಳಲ್ಲಿ ಸ್ಪರ್ಶದಿಂದಲೇ 6 ಅಂಕ ತಂದು, ಎರಡೇ ಬಾರಿ ಸಿಕ್ಕಿಬಿದ್ದಿದ್ದಾನೆ. ಮರುದಿನದ ವರದಿಯಲ್ಲಿ ಮೊದಲನೆಯವನ ಹೆಸರೇ ಮೇಲಿರುತ್ತದೆ. ಆದರೆ ಪ್ರತಿ ಬಾರಿ ಸಿಕ್ಕಿಬಿದ್ದಾಗಲೂ ಎದುರಾಳಿಗೆ ಕನಿಷ್ಠ ಒಂದು ಅಂಕ ಸಂದಾಯ. ಹಿಡಿದವರು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸೂಪರ್ ಟ್ಯಾಕಲ್ ಆಗಿ ಎರಡು. ಕನಿಷ್ಠವನ್ನೇ ಹಿಡಿದರೂ ಮೊದಲನೆಯವನ ನಿವ್ವಳ ಗಳಿಕೆ 2, ಎರಡನೆಯವನದು 4. ಮೊದಲನೆಯವನು ಎದುರಾಳಿಗಳಲ್ಲಿ ಏಳು ಮಂದಿಗೆ ಮರುಜೀವದ ಅವಕಾಶವನ್ನೂ ಕೊಟ್ಟಂತಾಯಿತು.

ಎರಡನೆಯವನು, ಮೂರನೆಯವನು

ಔಟಾದವರು ಔಟಾದ ಕ್ರಮದಲ್ಲೇ ಮರಳಿ ಬರಬೇಕು ಎಂಬುದು ನಿಯಮ. ತಂಡದ ಪ್ರಮುಖ ದಾಳಿಗಾರ ಹೊರಗೆ ಕುಳಿತಾಗ ಅವನನ್ನು ಒಳಗೆ ಕರೆಸುವ ಹೊಣೆ ಎರಡನೆಯವನದು. ಆ ಒಂದು ಸ್ಪರ್ಶದ ಬಳಿಕ ಪ್ರಮುಖ ದಾಳಿಗಾರ ತರುವ ಅಂಕಗಳಲ್ಲಿ ಎರಡನೆಯವನ ಪಾಲೂ ಇರುತ್ತದೆ. ಅದು ಯಾವ ಅಂಕಪಟ್ಟಿಯಲ್ಲೂ ಕಾಣದು.

ಮೂರನೆಯವನ ಕೆಲಸ ಇನ್ನೂ ಕಠಿಣ. ಸತತ ಎರಡು ದಾಳಿಗಳು ಬರಿಗೈಯಲ್ಲಿ ಮುಗಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ದಾಳಿಗಾರ ಔಟ್. ಪ್ರಮುಖ ದಾಳಿಗಾರನನ್ನು ಉಳಿಸಿಕೊಳ್ಳಲು ಇಂತಹ ‘ಮಾಡು ಇಲ್ಲವೇ ಮಡಿ’ ದಾಳಿಗೆ ಹಲವು ತಂಡಗಳು ಮೂರನೆಯವನನ್ನೇ ಕಳುಹಿಸುತ್ತವೆ. ಅಲ್ಲಿ ಕಾದು ನಿಂತ ರಕ್ಷಣಾ ಆಟಗಾರರ ನಡುವೆ ಹತ್ತರಲ್ಲಿ ನಾಲ್ಕು ಬಾರಿ ಗೆದ್ದವನನ್ನು, ಸುಲಭ ಸಂದರ್ಭಗಳನ್ನು ಆರಿಸಿಕೊಂಡು ಆರು ಬಾರಿ ಗೆದ್ದವನೊಂದಿಗೆ ಹೋಲಿಸುವುದು ನ್ಯಾಯವಲ್ಲ. ಕಾಲೇಜು ಮಟ್ಟದ ಆಯ್ಕೆಯಲ್ಲಿ ಅನ್ಯಾಯಕ್ಕೊಳಗಾಗುವ ಸಾಧ್ಯತೆ ಹೆಚ್ಚಿರುವುದು ಇವನಿಗೇ.

ವೃತ್ತಿಪರ ಕಬಡ್ಡಿಯಲ್ಲಿ 2019ರ ಪ್ರೊ ಕಬಡ್ಡಿ ಲೀಗ್ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಆ ಆವೃತ್ತಿಯಲ್ಲಿ 346 ದಾಳಿ ಅಂಕ ಗಳಿಸಿದರು; ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ 39. ಆದರೂ ಬುಲ್ಸ್ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ 38–44ರಿಂದ ಸೋತಿತು. ಫೈನಲ್‌ನಲ್ಲಿ ಡೆಲ್ಲಿಯ ನವೀನ್ ಕುಮಾರ್ 18 ಅಂಕ ತಂದರೂ ಪ್ರಶಸ್ತಿ ದಕ್ಕಿದ್ದು ಬೆಂಗಾಲ್ ವಾರಿಯರ್ಸ್‌ಗೆ, 39–34ರಿಂದ. ವಾರಿಯರ್ಸ್‌ನ ನಾಯಕ ಹಾಗೂ ಪ್ರಮುಖ ದಾಳಿಗಾರ ಮಣಿಂದರ್ ಸಿಂಗ್ ಗಾಯಗೊಂಡು ಆ ಪಂದ್ಯದಲ್ಲಿ ಆಡಲೇ ಇಲ್ಲ. ಇರಾನಿನ ಮೊಹಮ್ಮದ್ ನಬಿಬಕ್ಷ್, ಕರ್ನಾಟಕದ ಸುಕೇಶ್ ಹೆಗ್ಡೆ ಮೊದಲಾದವರು ದಾಳಿಯ ಹೊರೆಯನ್ನು ಹಂಚಿಕೊಂಡರು. ತರಬೇತುದಾರರಾಗಿದ್ದವರು ಕನ್ನಡಿಗ ಬಿ.ಸಿ. ರಮೇಶ್.

ಲೀಗ್‌ನಲ್ಲಿ ಪ್ರತಿ ದಾಳಿಯೂ ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ಕಾಲೇಜು ಮೈದಾನದಲ್ಲಿ ಆ ಸೌಲಭ್ಯ ಬೇಕಾಗಿಯೂ ಇಲ್ಲ. ಗೆರೆಯಾಚೆ ಕುಳಿತ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಒಂದು ನೋಟ್‌ಬುಕ್ ಇದ್ದರೆ ಸಾಕು. ಪ್ರತಿ ದಾಳಿಗೂ ದಾಳಿಗಾರನ ಸಂಖ್ಯೆ, ಎದುರಿಗಿದ್ದ ಆಟಗಾರರೆಷ್ಟು, ಬಂದದ್ದು ಬೋನಸ್ಸೋ ಸ್ಪರ್ಶವೋ, ಅದು ಮೂರನೆಯ ದಾಳಿಯೇ, ಮರಳಿ ಬಂದವರು ಯಾರು ಎಂಬಿಷ್ಟನ್ನು ಬರೆದುಕೊಳ್ಳಬೇಕು. ಅಂತಿಮ ನಿಮಿಷಗಳಲ್ಲಿ ತಂಡ ಮುನ್ನಡೆಯಲ್ಲಿದ್ದಾಗ 30 ಸೆಕೆಂಡುಗಳನ್ನು ಪೂರ್ತಿ ಕಳೆದು ಬರಿಗೈಯಲ್ಲಿ ಮರಳಿದವನ ದಾಳಿಗೆ ಸೊನ್ನೆಯ ಬದಲು ಬೇರೊಂದು ಗುರುತು ಹಾಕುವುದು ಒಳಿತು.